ಬಚ್ಚಲುಮನೆ ಫಾರ್ವರ್ಡ್, ಅಜ್ಜಿಯ ಹಂಡೆ

ದೊಡ್ಡಪ್ಪ ಮದ್ದೂರು: "ಸ್ನಾನಕ್ಕೆ ಕೂತ ತಕ್ಷಣ ತಲೆಗೆ ನೀರು ಸುರಿಯಬೇಡಿ. ಮೊದಲು ಪಾದ, ಆಮೇಲೆ ಮಂಡಿ, ಕೊನೆಗೆ ತಲೆ. ಇಲ್ಲದಿದ್ದರೆ ಸ್ಟ್ರೋಕ್! ಹತ್ತು ಜನಕ್ಕೆ ಕಳಿಸಿ."

ದೊಡ್ಡಪ್ಪ ಮದ್ದೂರು: ಮೊನ್ನೆ ನಮ್ಮ ತಂಗಿ ಬಚ್ಚಲಲ್ಲಿ ಬಿದ್ದದ್ದು ಇದಕ್ಕೇ. ಹಿರಿಯರ ಮಾತು ಕೇಳಬೇಕು.

ಭಾವ: ಹೌದು, ಎಲ್ಲರೂ ಪಾಲಿಸಿ.

ನರ್ಸ್ ಅಕ್ಕ: ದೊಡ್ಡಪ್ಪ, ಇದನ್ನು ಯಾವ ಡಾಕ್ಟರ್ ಹೇಳಿದ್ದಾರೆ? ಅತ್ತೆ ಅವತ್ತು ತಲೆಗೆ ನೀರೇ ಹಾಕಿಕೊಂಡಿರಲಿಲ್ಲ. ಬಚ್ಚಲ ಒಳಗೇ ಗ್ಯಾಸ್ ಗೀಸರ್ ಇದೆ. ಚಳಿ ಅಂತ ಕಿಟಕಿ ಮುಚ್ಚಿದ್ದರು. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಕ್ಸಿಜನ್ ಕೂರುವ ಜಾಗದಲ್ಲಿ ಅದು ಕೂತುಬಿಡುತ್ತದೆ, 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ.

ಚಿಕ್ಕಪ್ಪ ಮಂಡ್ಯ: ಅಂದರೆ ನಾನು ಕೊಡಿಸಿದ ಗೀಸರ್‌ದೇ ತಪ್ಪು ಅನ್ನು. ಗೃಹಪ್ರವೇಶಕ್ಕೆ ಬೇರೆಯವರು ಏನು ಕೊಟ್ಟರು, ಅದನ್ನೂ ಹೇಳಿ.

ನರ್ಸ್ ಅಕ್ಕ: ಗೀಸರ್ ತಪ್ಪು ಅನ್ನಲಿಲ್ಲ ಚಿಕ್ಕಪ್ಪ. ಅದು ಇರುವ ಜಾಗ ತಪ್ಪು.

ಚಿಕ್ಕಪ್ಪ ಮಂಡ್ಯ: ಅವತ್ತು ನಾನೇ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದೆ. 98 ಇತ್ತು. ಕೋವಿಡ್‌ನಲ್ಲಿ 94ಕ್ಕಿಂತ ಕೆಳಗೆ ಹೋದರೆ ಹುಷಾರು ಅಂದವಳು ನೀನೇ ಅಲ್ವಾ?

ನರ್ಸ್ ಅಕ್ಕ: ಕೋವಿಡ್‌ಗೆ ಅದು ಸರಿ. ಇಲ್ಲಿ ಆ ಮೀಟರ್ ಮೋಸಹೋಗುತ್ತದೆ. ಬೆರಳಿಗೆ ಬೆಳಕು ಹಾಯಿಸಿ ರಕ್ತದ ಬಣ್ಣ ನೋಡುತ್ತದೆ ಅಷ್ಟೆ. ಮೊನಾಕ್ಸೈಡ್ ಹಿಡಿದ ರಕ್ತವೂ ಅದಕ್ಕೆ ಆಕ್ಸಿಜನ್ ತುಂಬಿದ ಹಾಗೇ ಕಾಣುತ್ತದೆ. ಮೀಟರ್ 98 ಅನ್ನುವಾಗಲೇ ಮಿದುಳು ಉಸಿರುಕಟ್ಟಿ ಒದ್ದಾಡುತ್ತಿರಬಹುದು. ಆಕ್ಸಿಜನ್ ಪೂರ್ತಿ ನಿಂತರಂತೂ ಸುಮಾರು 4 ನಿಮಿಷಕ್ಕೇ ಮಿದುಳಿಗೆ ಪೆಟ್ಟು ಶುರು.

ಭಾವ: ನಮ್ಮೂರ ಬಚ್ಚಲು ನೆನಪಾಯಿತು. ಕಬ್ಬಿನ ತರಗು, ತೆಂಗಿನ ಮಟ್ಟೆ ಹಾಕಿ ಹಂಡೆ ಕಾಯಿಸುತ್ತಿದ್ದೆವು. ಹರಳೆಣ್ಣೆ, ಸೀಗೆಪುಡಿ, ಕಣ್ಣು ಉರಿ ಅಂತ ಕೂಗಿದರೆ ಅಜ್ಜಿ ಇನ್ನೊಂದು ಚೊಂಬು ಸುರಿಯುತ್ತಿದ್ದರು. ಆಗ ಯಾರಾದರೂ ಬಿದ್ದರಾ?

ನಾನು: ಭಾವ, ಆ ಒಲೆಯ ಬಾಯಿ ಆಚೆ ಕಡೆಗಿತ್ತು. ಮೇಲೆ ನಾಡಹೆಂಚು. ಸಂದಿಯಲ್ಲಿ ಹೊಗೆ ಹೋಗುತ್ತಿತ್ತು, ಗಾಳಿ ಬರುತ್ತಿತ್ತು. ಅತ್ತೆ ಮನೆಯದು ನಾಲ್ಕಡಿ ಡಬ್ಬ. ಅವತ್ತು ಬಾಗಿಲು ಒಡೆದವನು ನಾನು. ಅವರನ್ನು ನೋಡಿದ್ದು ಇನ್ನೂ ಕಣ್ಣಲ್ಲಿದೆ. ಸ್ನಾನ ಆದಮೇಲೆ ತಲೆನೋವು, ವಾಕರಿಕೆ ಅಂತ ವಾರದಿಂದ ಹೇಳುತ್ತಿದ್ದರು. ಪಿತ್ತ ಅಂದುಕೊಂಡೆವು. ದಯವಿಟ್ಟು ಕೇಳಿ, ಹೀಗಾದರೆ ಮೊದಲು ಆಚೆಗೆ ಎಳೆಯಿರಿ, 108ಕ್ಕೆ ಫೋನ್ ಮಾಡಿ. ಎದ್ದು ಕೂತರು ಅಂತ ಸುಮ್ನೆ ಇರಬೇಡಿ. ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಆಕ್ಸಿಜನ್ ಕೊಡಬೇಕು.

ದೊಡ್ಡಪ್ಪ ಮದ್ದೂರು: ದೊಡ್ಡವರಿಗೆ ಪಾಠ ಹೇಳುವ ಕಾಲ. ಆಸ್ತಿ ಭಾಗದ ದಿನವೂ ನಿಮ್ಮಪ್ಪ ಹೀಗೇ ಮಾತಾಡಿದ.

ಚಿಕ್ಕಪ್ಪ ಮಂಡ್ಯ: ಆ ವಿಷಯ ಎತ್ತಬೇಡಿ ಅಣ್ಣ. ಎತ್ತಿದರೆ ನಾನೂ ಹೇಳಬೇಕಾಗುತ್ತದೆ.

ಅತ್ತೆ ಕುವೆಂಪುನಗರ: ಜಗಳ ಬೇಡ. ಪ್ಲಂಬರ್ ಬಂದಿದ್ದಾನೆ. ಗೀಸರನ್ನು ಆಚೆ ಗೋಡೆಗೆ ಹಾಕಿ ಪೈಪ್ ಎಳೆಯುತ್ತಾನೆ. ಎರಡು ದಿನ ಬಿಸಿನೀರಿಲ್ಲ. ಅಣ್ಣ, ಅಮ್ಮನ ತಾಮ್ರದ ಹಂಡೆ ನಿಮ್ಮ ಅಟ್ಟದಲ್ಲೇ ಇದೆ ಅಲ್ವಾ? ಅದು ನನಗೆ ಅಂತ ಅಮ್ಮ ಹೇಳಿದ್ದರು.