ಅಡಿಕೆ ಕದ್ದ ಹುಡುಗನ ಜೊತೆ ರಾಜಿಯೋ, ಕೇಸೋ? ಅನುಭವ ಇದ್ದವರು ಹೇಳಿ

ಶಿರಸಿ ತೋಟಿಗ: ಅಂಗಳದಲ್ಲಿದ್ದ ಎರಡು ಚೀಲ ಚಾಲಿ (ಒಣಗಿಸಿ ಸುಲಿದ ಅಡಿಕೆ) ಹೋಯಿತು. ಕದ್ದವ ಪಕ್ಕದೂರಿನ 19ರ ಹುಡುಗ, ನಮ್ಮಲ್ಲೇ ಕೆಲಸಕ್ಕೆ ಬರುತ್ತಿದ್ದ. ಕೇಸ್ ಆಗಿದೆ. ಅವನ ತಾಯಿ ಬಂದು, ದುಡ್ಡು ಕೊಡ್ತೇವೆ, ಎದುರು ಕೂತು ಮಾತಾಡೋಣ ಅನ್ನುತ್ತಾರೆ. ಏನು ಮಾಡಲಿ?

ಸಿದ್ದಾಪುರದವ: ನಾನು ರಾಜಿಯಾಗಿ ಕೆಟ್ಟವ. 2019ರಲ್ಲಿ ಮನೆಯೊಳಗಿಟ್ಟ ಪಂಪ್ ಹೋಯಿತು. ಹುಡುಗ ಅತ್ತ, ಪಾಪ ಅನ್ನಿಸಿತು. ಆದರೆ ಮನೆಯೊಳಗಿನ ಕಳ್ಳತನ ಆಗಿನ ಐಪಿಸಿಯ 380ನೇ ಕಲಂ, ಕೆಳಗಿನ ಕೋರ್ಟಲ್ಲಿ ರಾಜಿ ಆಗುವುದಿಲ್ಲ. ಧಾರವಾಡ ಹೈಕೋರ್ಟ್ ಪೀಠದಲ್ಲಿ ರದ್ದು ಮಾಡಿಸಬೇಕಾಯಿತು. ಮೂರು ಸಲ ಓಡಾಟ, ಸಲಕ್ಕೆ ಕಾರು ಬಾಡಿಗೆ 4,200. ವಕೀಲರ ಫೀಸಲ್ಲಿ ನನ್ನ ಪಾಲು 11 ಸಾವಿರ. ಪಂಪ್ ಇದ್ದದ್ದೇ 9 ಸಾವಿರದ್ದು!

ತದಡಿ ಬಲೆ: ನಮ್ಮ ಬಲೆ ಕತ್ತರಿಸಿದವನನ್ನು ಶೆಡ್ಡಲ್ಲಿ ಎದುರು ಕೂರಿಸಿದೆವು. ದುಡ್ಡು ಬೇಡ ಅಂದೆ. ನನ್ನ ಹೆಂಡತಿ ಹರಿದ ಬಲೆಯನ್ನು ಅವನ ತೊಡೆ ಮೇಲೆ ಹಾಕಿ, ಎಷ್ಟು ಕಣ್ಣು ಹೋಗಿದೆ ಎಣಿಸು ಅಂದಳು. ನಲವತ್ತು ದಾಟುವಾಗ ಅವನ ದನಿ ನಿಂತಿತು. 17 ಸಂಜೆ ಬಂದು ಸರಿಮಾಡಿದ. ನೂಲು 2,600, ಅವನದೇ. ಮೊದಲ ವಾರದ ಗಂಟೆಲ್ಲ ಬಿಚ್ಚಿಹೋಯಿತು, ಅದನ್ನು ಮತ್ತೆ ಹಾಕಿದ್ದು ನಾನು. ಇರಲಿ. ಈಗ ನಮ್ಮ ದೋಣಿಯಲ್ಲೇ ಇದ್ದಾನೆ.

ಕಾರವಾರದ ಅಕ್ಕ: ನಿಮ್ಮದು ಚಂದದ ಕಥೆ. ನನ್ನ ಗಂಡನಿಗೆ ಬೈಕ್ ಗುದ್ದಿದವ ಬರಲೇ ಇಲ್ಲ, ಮಾವನನ್ನು ಕಳಿಸಿದ. ಊರಿನ ಹತ್ತು ಜನ ಕೂತು 15 ಸಾವಿರಕ್ಕೆ ಮುಗಿಸಿದರು. ಕಾಲಿನ ರಾಡಿಗೇ 92 ಸಾವಿರ ಆಗಿತ್ತು. ನಾನು ಬಾಯಿ ತೆಗೆದರೆ "ನೀನು ಸುಮ್ನಿರು ತಂಗಿ". ಇದನ್ನೇ ರಾಜಿ ಅನ್ನೋದಾ?

ತದಡಿ ಬಲೆ: ಅಕ್ಕಾ, ನಮ್ಮಲ್ಲಿ ಪಂಚರು ಯಾರೂ ಇರಲಿಲ್ಲ. ಪೂರ್ತಿ ಓದಿ ಆಮೇಲೆ ಬೈಯಿರಿ.

ಕಾರವಾರದ ಅಕ್ಕ: ಓದಿಯೇ ಬರೆದದ್ದು. ಅವನಿಗೆ ಬರಲು ಮನಸ್ಸಿತ್ತು, ನಿಮ್ಮ ಅದೃಷ್ಟ.

ಕುಮಟಾ ಗುಮಾಸ್ತ: ನ್ಯೂಜಿಲೆಂಡ್‌ನಲ್ಲಿ 1989ರಿಂದ ಇದಕ್ಕೆ ಕಾನೂನೇ ಇದೆ. ತಪ್ಪು ಮಾಡಿದ ಹುಡುಗ, ಮನೆಯವರು, ನೊಂದವರು ಒಟ್ಟಿಗೆ ಕೂರುತ್ತಾರೆ. ಇಲ್ಲಿ ಮೊದಲು ಎಫ್‌ಐಆರ್ ನೋಡಿ. ಈಗಿನ 303ನೇ ಕಲಂ (ಸಾಮಾನ್ಯ ಕಳ್ಳತನ) ಆದರೆ ಮಾಲೀಕರೇ ರಾಜಿಯಾಗಬಹುದು. 305 (ಮನೆಯೊಳಗಿನ ಕಳ್ಳತನ) ಆದರೆ ಸಿದ್ದಾಪುರದವರ ಗತಿ. ಐಪಿಸಿ ಬದಲು 2024ರ ಜುಲೈಯಿಂದ ಬಂದ ನ್ಯಾಯ ಸಂಹಿತೆಯಲ್ಲಿ, 5,000ಕ್ಕಿಂತ ಕಡಿಮೆ ಬೆಲೆಯ ಮಾಲು, ಮೊದಲ ತಪ್ಪು, ಮಾಲು ವಾಪಸ್ ಕೊಟ್ಟರೆ ಸಮುದಾಯ ಸೇವೆಯೇ ಶಿಕ್ಷೆ.

ಸಿದ್ದಾಪುರದವ: 5,000ಕ್ಕೆ ಎರಡು ಚೀಲ ಚಾಲಿ ಎಲ್ಲಿ ಸಿಗ್ತದೆ ಮಾರಾಯ್ರೆ? ನಂಗೂ ಬೇಕು.

ಶಿರಸಿ ತೋಟಿಗ: ಅಂಗಳದ್ದು, ಹಾಗಾಗಿ 303. ಹುಡುಗನೇ ಬರ್ತಾನಾ ಅಂತ ತಾಯಿಯನ್ನು ಕೇಳ್ತೇನೆ.

ಸಿದ್ದಾಪುರದವ: ಚಾಲಿ ಹಳೇದೋ ಹೊಸದೋ? ದರದಲ್ಲಿ ವ್ಯತ್ಯಾಸ ಜಾಸ್ತಿ ಇದೆ, ಅದನ್ನು ಹೇಳಲೇ ಇಲ್ಲ ನೀವು.