ಭಾನುವಾರ ಮಾತ್ರ ಓಡಿದರೆ ಸಾಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಓಟ ಶುರು ಮಾಡಿ ಎರಡು ತಿಂಗಳಾಯಿತು. ವಾರದ ನಡುವೆ ಬಿಡುವಿಲ್ಲ, ಭಾನುವಾರ ಒಂದೇ ಸಲ ಎರಡು ಗಂಟೆ ಓಡುತ್ತೇನೆ. ಪ್ರತಿ ಸಲವೂ ಮೊದಲ ದಿನದಷ್ಟೇ ಸುಸ್ತು. ವ್ಯಾಯಾಮ ಮಾಡಿದರೆ ಜೀನ್‌ಗಳೇ ಚುರುಕಾಗುತ್ತವೆ ಅನ್ನುತ್ತಾರಲ್ಲ, ನನ್ನವು ಯಾಕೆ ಸುಮ್ಮನಿವೆ?

ಉತ್ತರ 1: ನನಗೂ ಹೀಗೇ ಆಗಿತ್ತು. ಅದೇ ಎರಡು ಗಂಟೆಯನ್ನು ನಾಲ್ಕು ದಿನಕ್ಕೆ ಹಂಚಿಕೊಂಡೆ. ಐದನೇ ವಾರವಿರಬೇಕು, ಯಾವಾಗಲೂ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದ ಏರನ್ನು ಗೆಳೆಯನ ಜೊತೆ ಮಾತಾಡಿಕೊಂಡೇ ಹತ್ತಿಬಿಟ್ಟಿದ್ದೆ. ಮೇಲೆ ಹೋದಮೇಲೆ ಗೊತ್ತಾಯಿತು.

ಉತ್ತರ 2: ನಾನು ಲ್ಯಾಬಿನಲ್ಲಿ ಸ್ನಾಯು ಕೋಶಗಳ ಮೇಲೆ ಕೆಲಸ ಮಾಡುವವಳು. ನಿಮ್ಮ ಜೀನ್‌ಗಳು ಸುಮ್ಮನಿಲ್ಲ, ಧೈರ್ಯವಾಗಿರಿ. ಅವು ಏಳುತ್ತವೆ, ಆಮೇಲೆ ಮಲಗುತ್ತವೆ, ಅಷ್ಟೇ.

ಓಡುವಾಗ ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಖರ್ಚಾಗಿ, ಅದರಿಂದ ಉಳಿಯುವ ಎಎಂಪಿ ಜಾಸ್ತಿಯಾಗುತ್ತದೆ. ಎಎಂಪಿಕೆ ಎಂಬ ಕಿಣ್ವಕ್ಕೆ ಅದು ತಿಳಿಯುತ್ತದೆ. ಸ್ನಾಯು ಬಿಗಿಯುವಾಗ ಹೊರಬರುವ ಕ್ಯಾಲ್ಸಿಯಂ ಕೂಡ ಸುದ್ದಿ ಮುಟ್ಟಿಸುತ್ತದೆ. ಆಗ ಪಿಜಿಸಿ-1 ಆಲ್ಫಾ ಎಂಬ ಪ್ರೋಟೀನ್ ಕೆಲಸಕ್ಕಿಳಿಯುತ್ತದೆ. ಇದು ಮೊದಲು ಪತ್ತೆಯಾಗಿದ್ದು 1998ರಲ್ಲಿ, ಮೈ ಬೆಚ್ಚಗಿಡುವ ಕಂದು ಕೊಬ್ಬಿನಲ್ಲಿ. ಅದು ನೇರವಾಗಿ ಡಿಎನ್‌ಎಗೆ ಅಂಟುವುದಿಲ್ಲ. ಅಂಟುವ ಪ್ರೋಟೀನ್‌ಗಳ ಜೊತೆ ಸೇರಿ ಮೈಟೊಕಾಂಡ್ರಿಯಾ (ಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಘಟಕಗಳು) ಕಟ್ಟುವ ಜೀನ್‌ಗಳನ್ನು ಎಬ್ಬಿಸುತ್ತದೆ.

ನನಗೆ ತುಂಬಾ ಇಷ್ಟವಾದ ಸಂಗತಿ ಇದು: ಈ ಜೀನ್‌ಗಳಲ್ಲಿ ಹಲವು ಜೋರಾಗುವುದು ಓಟ ನಿಲ್ಲಿಸಿದ ಮೇಲೆ, ಮುಂದಿನ ಕೆಲವು ಗಂಟೆಗಳಲ್ಲಿ. ನೀವು ಸ್ನಾನ ಮಾಡಿ ಕೂತಿರುತ್ತೀರಿ, ತೊಡೆಯೊಳಗೆ ಪಿಡಿಕೆ4 ಜೀನ್ ಎದ್ದಿರುತ್ತದೆ. ಅದರಿಂದ ಸ್ನಾಯು ಕೊಬ್ಬನ್ನು ಉರಿಸಿಕೊಂಡು, ಸಕ್ಕರೆಯನ್ನು ತನ್ನ ದಾಸ್ತಾನಾದ ಗ್ಲೈಕೊಜನ್ ತುಂಬಲು ಉಳಿಸುತ್ತದೆ. ಮಾರನೇ ದಿನಕ್ಕೆ ಸಂದೇಶದ ಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀನ್ ಕಳಿಸುವ ನಕಲು) ಬಹುಪಾಲು ಹಿಂದಿನ ಮಟ್ಟಕ್ಕೆ ಇಳಿದಿರುತ್ತದೆ. ಆದರೆ ಅಷ್ಟರಲ್ಲಿ ತಯಾರಾದ ಪ್ರೋಟೀನ್ ಇನ್ನೂ ಕೆಲವು ದಿನ ಉಳಿಯುತ್ತದೆ. ಅದು ಕರಗುವ ಮೊದಲೇ ಮತ್ತೆ ಓಡಿದರೆ ಮೇಲೊಂದು ಪದರ ಕೂರುತ್ತದೆ. ಏಳು ದಿನ ಬಿಟ್ಟರೆ ಕೂತದ್ದು ಸಾಕಷ್ಟು ಕರಗಿಹೋಗುತ್ತದೆ, ಅಲ್ವಾ? 1967ರಲ್ಲಿ ಜಾನ್ ಹೊಲೊಸಿ ಎಂಬ ವಿಜ್ಞಾನಿ ಇಲಿಗಳನ್ನು ಓಡಿಸಿ, ಅವುಗಳ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯಾದ ಕಿಣ್ವಗಳು ಸುಮಾರು ಎರಡು ಪಟ್ಟಾದದ್ದನ್ನು ತೋರಿಸಿದರು. ಅವು ಓಡಿದ್ದು ವಾರಕ್ಕೆ 5 ದಿನ.

ಭಾನುವಾರದ ಓಟ ಬಿಡಬೇಡಿ. ನಡುವೆ ಎರಡು ದಿನ ಇಪ್ಪತ್ತು ನಿಮಿಷ ಸೇರಿಸಿ ನೋಡಿ.

ಉತ್ತರ 3: ನನಗೆ ಸಕ್ಕರೆ ಕಾಯಿಲೆ ಇದೆ. ಓಡಿದ ಮೇಲೆ ಒಂದೆರಡು ದಿನ ಸ್ನಾಯು ಇನ್ಸುಲಿನ್ ಮಾತು ಚೆನ್ನಾಗಿ ಕೇಳುತ್ತದೆ, ಸಕ್ಕರೆ ಒಳಗೆ ಬಿಡುವ ಗ್ಲುಟ್4 ಎಂಬ ಪ್ರೋಟೀನ್ ಕೂಡ ಹೆಚ್ಚುತ್ತದೆ ಎಂದು ವೈದ್ಯರು ವಿವರಿಸಿದ್ದರು. ಮೂರನೇ ದಿನ ನನ್ನ ಮೀಟರಿನಲ್ಲೇ ವ್ಯತ್ಯಾಸ ಕಾಣುತ್ತದೆ. ಅದಕ್ಕೇ ಎರಡು ದಿನಕ್ಕಿಂತ ಜಾಸ್ತಿ ಬಿಡುವುದಿಲ್ಲ. ಮಳೆ ಬಂದರೆ ಮೆಟ್ಟಿಲು ಹತ್ತಿ ಇಳಿಯುತ್ತೇನೆ.