ಒಂದು ಪ್ಯಾಕೇಜ್ ತೆಗೆದರೆ ಇಡೀ ಮಾಡ್ಯೂಲ್ ಹೋಗ್ತಿದೆ, ತಂಡದ ಕೆಲಸವೂ ನಿಂತಿದೆ

ಹಳ್ಳಿಲ್ಯಾಬ್:
ಎಲ್ಲರಿಗೂ ನಮಸ್ಕಾರ. ನಾವು ಒಂಬತ್ತು ಜನ ಸೇರಿ ಶಾಲಾ ಲ್ಯಾಬ್‌ಗಳಿಗೆ ಅಂತ ಡೆಬಿಯನ್ 12 ಲಿನಕ್ಸ್ ಮೇಲೆ ಒಂದು ಡಿಸ್ಟ್ರೋ, ಅಂದರೆ ಬೇಕಾದ ಪ್ರೋಗ್ರಾಂ ಸೇರಿಸಿದ ಆಪರೇಟಿಂಗ್ ಸಿಸ್ಟಂ, ಕಟ್ಟುತ್ತಿದ್ದೇವೆ. ಹೆಚ್ಚಿನವರು ಮೇಷ್ಟ್ರುಗಳು. ಕೇಳಿದವರಿಗೆಲ್ಲಾ ಕೇಳಿದ್ದನ್ನು ಸೇರಿಸುತ್ತಾ ಹೋಗಿ ಐಎಸ್ಒ (ಇನ್‌ಸ್ಟಾಲ್ ಮಾಡುವ ಡಿಸ್ಕ್ ಫೈಲ್) ಈಗ 4.7 ಜಿಬಿ ಡಿವಿಡಿಗೆ ಹಿಡಿಸುತ್ತಿಲ್ಲ. ಅದಕ್ಕೇ ಕನ್ನಡ, ಗಣಿತ, ವಿಜ್ಞಾನ, ಆಫೀಸ್, ಇಂಟರ್ನೆಟ್ ಅಂತ ಐದು ಮಾಡ್ಯೂಲ್ ಮಾಡಿದೆವು. ಒಂದೊಂದೂ ಒಂದು ಮೆಟಾಪ್ಯಾಕೇಜ್, ಅಂದರೆ ತನ್ನಲ್ಲಿ ಪ್ರೋಗ್ರಾಂ ಇಲ್ಲದೆ ಬೇರೆ ಪ್ಯಾಕೇಜ್‌ಗಳನ್ನು ಎಳೆದು ತರುವ ಪ್ಯಾಕೇಜ್.

ಒಂದು ಶಾಲೆಯಲ್ಲಿ 2 ಜಿಬಿ ರ‍್ಯಾಮ್‌ನ ಹಳೇ ಮಷೀನ್‌ಗಳಿವೆ. ಆಕಾಶ ತೋರಿಸುವ ಸ್ಟೆಲ್ಲೇರಿಯಂ ತುಂಬಾ ನಿಧಾನ ಅಂತ ಅದೊಂದನ್ನು ತೆಗೆದರು, ಆಮೇಲೆ ಬೇಡವಾದ ಪ್ಯಾಕೇಜ್‌ಗಳನ್ನು ತಾನೇ ತೆಗೆಯುವ ಆಟೋರಿಮೂವ್ ಆಜ್ಞೆ ಕೊಟ್ಟರು. ಕಾಲ್ಜಿಯಂ, ಸ್ಟೆಪ್, ವಿಜ್ಞಾನದ್ದು ಅಂತ ಇದ್ದದ್ದೆಲ್ಲಾ ಹೋಯಿತು. ಮಾರನೇ ದಿನ ಅದರಲ್ಲೇ ಪಾಠ ಇತ್ತು. ನನಗೆ ತುಂಬಾ ಬೇಜಾರಾಯಿತು.

ಇನ್ನೊಂದು ತೊಂದರೆ ತಂಡದ್ದು. ಮಾಡ್ಯೂಲ್ ಮಾಡೋಣ ಅಂದಾಗ ಎಲ್ಲರೂ ಹೂಂ ಅಂದರು. ಮೂರು ತಿಂಗಳಾಯಿತು, ನಮ್ಮ ಫೈಲ್‌ಗಳಿರುವ ಗಿಟ್‌ಗೆ ಏನಾದರೂ ಹಾಕುತ್ತಿರುವುದು ನಾನೊಬ್ಬನೇ.

ಪೊಟ್ಟಣ:
ಮೆಟಾಪ್ಯಾಕೇಜ್‌ನ ವಿವರ ಇರುವ ಕಂಟ್ರೋಲ್ ಫೈಲ್‌ನಲ್ಲಿ ಸೆಕ್ಷನ್ (ವಿಭಾಗ) ಮುಂದೆ ಏನಿದೆ? ಪ್ಯಾಕೇಜ್‌ಗಳೆಲ್ಲಾ ಡಿಪೆಂಡ್ಸ್ ಸಾಲಿನಲ್ಲೇ ಇವೆಯಾ?

ಹಳ್ಳಿಲ್ಯಾಬ್:
ಸೆಕ್ಷನ್ ಮಿಸ್ಕ್ ಅಂತಿದೆ. ಹೌದು, ಎಲ್ಲಾ ಡಿಪೆಂಡ್ಸ್‌ನಲ್ಲೇ.

ಪೊಟ್ಟಣ:
ಹಾಗಾದರೆ ಎರಡೂ ಕಡೆ ಸರಿ ಮಾಡಬೇಕು. ಡಿಪೆಂಡ್ಸ್ ಅಂದರೆ ಅದಿಲ್ಲದೆ ಇದಿಲ್ಲ ಅಂತ ಅರ್ಥ, ಆದ್ದರಿಂದ ಸ್ಟೆಲ್ಲೇರಿಯಂ ತೆಗೆದ ತಕ್ಷಣ ನಿಮ್ಮ ವಿಜ್ಞಾನ ಮೆಟಾಪ್ಯಾಕೇಜ್ ಕೂಡ ಹೋಯಿತು, ಅದು ಹೋದ ಮೇಲೆ ಉಳಿದವನ್ನು ಯಾರೂ ಕೇಳುವವರಿಲ್ಲ ಅಂದುಕೊಂಡು ಆಟೋರಿಮೂವ್ ಗುಡಿಸಿ ಹಾಕಿತು. ಇರಲೇಬೇಕಾದ್ದು ಮಾತ್ರ ಡಿಪೆಂಡ್ಸ್‌ನಲ್ಲಿ ಇರಲಿ. ಮಿಕ್ಕಿದ್ದೆಲ್ಲಾ ರೆಕಮೆಂಡ್ಸ್‌ಗೆ (ಇದ್ದರೆ ಒಳ್ಳೆಯದು ಅನ್ನೋ ಸಾಲಿಗೆ) ಹಾಕಿ. ಆಗ ಒಂದನ್ನು ತೆಗೆದರೂ ಮೆಟಾಪ್ಯಾಕೇಜ್ ಉಳಿಯುತ್ತದೆ. ಸೆಕ್ಷನ್ ಅನ್ನು ಮೆಟಾಪ್ಯಾಕೇಜಸ್ ಅಂತ ಬದಲಾಯಿಸಿ. ಆ ಹೆಸರಿನ ವಿಭಾಗಕ್ಕೆ ಪ್ಯಾಕೇಜ್ ಹಾಕಿ ತೆಗೆಯುವ ಆಪ್ಟ್‌ನಲ್ಲೇ ರಕ್ಷಣೆ ಇದೆ, ಹೀಗೆ ಒಂದನ್ನು ತೆಗೆದಾಗ ಮೆಟಾಪ್ಯಾಕೇಜ್ ಹೋದರೂ ಅದು ತಂದ ಪ್ಯಾಕೇಜ್‌ಗಳನ್ನು ಆಟೋರಿಮೂವ್ ಮುಟ್ಟುವುದಿಲ್ಲ.

ಆ ಶಾಲೆಯ ಮಷೀನ್‌ಗಳಲ್ಲಿ ವಾರ್ ಫೋಲ್ಡರ್ ಒಳಗೆ ಲಾಗ್, ಅದರೊಳಗೆ ಆಪ್ಟ್, ಅಲ್ಲಿ ಹಿಸ್ಟರಿ ಲಾಗ್ ನೋಡಿ. ಏನೇನು ಹೋಯಿತು ಅಂತ ಪಟ್ಟಿ ಸಿಗುತ್ತದೆ.

ಇನ್ನೊಂದು ಮಾತು. ಫೈರ್‌ಫಾಕ್ಸ್‌ನ ಕನ್ನಡ ಭಾಷಾ ಪ್ಯಾಕೇಜ್ ಅನ್ನು ಕನ್ನಡ ಮಾಡ್ಯೂಲ್‌ನಲ್ಲಿ ಇಟ್ಟಿದ್ದೀರಾ? ಅದು ಫೈರ್‌ಫಾಕ್ಸ್ ಮೇಲೆ ಡಿಪೆಂಡ್ ಆಗುತ್ತದೆ. ಇಂಟರ್ನೆಟ್ ಮಾಡ್ಯೂಲ್ ಬೇಡ ಅಂದ ಶಾಲೆಗೂ ಬ್ರೌಸರ್ ಬಂದು ಕೂರುತ್ತದೆ. ಕನ್ನಡದಲ್ಲಿ ಫಾಂಟ್ ಮತ್ತು ಕೀಬೋರ್ಡ್ ಮಾತ್ರ ಇಡಿ. ಫಾಂಟ್‌ಗೆ ಲೋಹಿತ್, ಗುಬ್ಬಿ, ನವಿಲು, ಟೈಪಿಂಗ್‌ಗೆ ಐಬಸ್ ಜೊತೆ ಕೆಜಿಪಿ ಕೀಲಿಮಣೆ ವಿನ್ಯಾಸ. ಸಾಕು.

ಹಳೇಕೀಲಿ:
ತಂಡದ ವಿಷಯ ನಾನು ಹೇಳ್ತೀನಿ. ನಿಮ್ಮ ಮೇಷ್ಟ್ರುಗಳು ಸೋಮಾರಿಗಳಲ್ಲ. ಕಂಟ್ರೋಲ್ ಫೈಲ್, ಬಿಲ್ಡ್ ಅಂದರೆ ಅವರಿಗೆ ಕೈ ಹಾಕೋಕೆ ಭಯ, ಅಷ್ಟೇ. ಶಾಲೆಗಳಿಗೆ ಡೆಬಿಯನ್ ಎಜು, ವೈದ್ಯಕೀಯಕ್ಕೆ ಡೆಬಿಯನ್ ಮೆಡ್ ಮಾಡುವ ತಂಡಗಳು ಬ್ಲೆಂಡ್ಸ್ ಅನ್ನೋ ಪದ್ಧತಿಯಲ್ಲಿ ಕೆಲಸ ಮಾಡುತ್ತವೆ. ಒಂದೊಂದು ವಿಷಯಕ್ಕೆ ಒಂದು ಟಾಸ್ಕ್ ಫೈಲ್. ಸಾದಾ ಟೆಕ್ಸ್ಟ್, ಪ್ಯಾಕೇಜ್ ಹೆಸರುಗಳ ಪಟ್ಟಿ. ಬ್ಲೆಂಡ್ಸ್-ಡೆವ್ ಅನ್ನೋ ಸಾಧನ ಅದರಿಂದ ಮೆಟಾಪ್ಯಾಕೇಜ್ ತಾನೇ ಮಾಡಿಕೊಡುತ್ತದೆ. ವಿಜ್ಞಾನದ ಮೇಷ್ಟ್ರಿಗೆ ವಿಜ್ಞಾನದ ಫೈಲ್ ಕೊಡಿ, ಇದು ನಿಮ್ಮದು ಸರ್ ಅನ್ನಿ. ಒಂದೊಂದಕ್ಕೂ ಇಬ್ಬರಿರಲಿ, ಪರೀಕ್ಷೆ ಸಮಯದಲ್ಲಿ ಒಬ್ಬರು ಸಿಗುವುದಿಲ್ಲ ಅಲ್ವಾ. ಐದನ್ನೂ ಒಟ್ಟಿಗೆ ಶುರು ಮಾಡಬೇಡಿ, ಕನ್ನಡ ಮಾಡ್ಯೂಲ್ ಒಂದನ್ನು ಮುಗಿಸಿ ತೋರಿಸಿ.

ಆಮೇಲೆ ಒಂದೇ ಪ್ರೋಗ್ರಾಂನ ಎರಡು ಮೂರು ಆವೃತ್ತಿ ಕೊಡೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಬೇಡ ಅನ್ನಿ. ಫೆಡೋರಾ ಅನ್ನೋ ಇನ್ನೊಂದು ಲಿನಕ್ಸ್ 2018ರಲ್ಲಿ 28ನೇ ಆವೃತ್ತಿಯಿಂದ ಹಾಗೆ ಮಾಡಿತು, ಅದನ್ನೇ ಅವರು ಮಾಡ್ಯೂಲ್ ಅಂದರು. ಬಳಸುವವರು ಆರಿಸದಿದ್ದ ಮಾಡ್ಯೂಲ್‌ಗಳೂ ಡೀಫಾಲ್ಟ್ ಆಗಿ ಬಂದು ಅಪ್‌ಗ್ರೇಡ್ ಸಿಕ್ಕಿಹಾಕಿಕೊಳ್ಳುತ್ತಿತ್ತು. 2023ರಲ್ಲಿ, ಫೆಡೋರಾ 39ಕ್ಕೆ, ಕೈಬಿಟ್ಟರು. ಅಷ್ಟು ದೊಡ್ಡ ತಂಡಕ್ಕೇ ಕಷ್ಟವಾಯಿತು.

ಹಳ್ಳಿಲ್ಯಾಬ್:
ಇಬ್ಬರಿಗೂ ಧನ್ಯವಾದ. ಸೆಕ್ಷನ್ ಬದಲಾಯಿಸಿದೆ, ರೆಕಮೆಂಡ್ಸ್‌ಗೆ ಹಾಕಿದೆ, ಹೊಸ ಐಎಸ್ಒ ಕಟ್ಟಿದೆ. ಈಗ ವಿಜ್ಞಾನ ಮಾಡ್ಯೂಲ್ ಇದೆ, ಅದರೊಳಗೆ ಒಂದೂ ಪ್ರೋಗ್ರಾಂ ಇಲ್ಲ!

ಪೊಟ್ಟಣ:
ಐಎಸ್ಒ ಕಟ್ಟುವ ಲೈವ್-ಬಿಲ್ಡ್‌ನಲ್ಲಿ ಸೈಜ್ ಕಡಿಮೆ ಮಾಡೋಕೆ ಆಪ್ಟ್-ರೆಕಮೆಂಡ್ಸ್ ಅನ್ನು ಫಾಲ್ಸ್ ಮಾಡಿದ್ದೀರಾ ನೋಡಿ.

ಹಳ್ಳಿಲ್ಯಾಬ್:
ಅದೇ ಆಗಿತ್ತು. ಟ್ರೂ ಮಾಡಿ ಮತ್ತೆ ಕಟ್ಟಿದೆ, ಎಲ್ಲಾ ಬಂತು. ಸ್ಟೆಲ್ಲೇರಿಯಂ ತೆಗೆದು ಆಟೋರಿಮೂವ್ ಕೊಟ್ಟು ನೋಡಿದೆ, ಕಾಲ್ಜಿಯಂ ಜಾಗದಲ್ಲೇ ಇದೆ. ನಿನ್ನೆ ನಮ್ಮ ವಿಜ್ಞಾನದ ಮೇಡಂಗೆ ಟಾಸ್ಕ್ ಫೈಲ್ ತೋರಿಸಿದೆ. ಇಷ್ಟೇನಾ ಅಂದವರು ಅಲ್ಲೇ ಕೂತು ಎರಡು ಪ್ಯಾಕೇಜ್ ತೆಗೆದು ಒಂದು ಸೇರಿಸಿದರು. ಅವರ ಬದಲಾವಣೆ ಗಿಟ್‌ಗೆ ಹೋಗಿದೆ. ಕನ್ನಡ ಮಾಡ್ಯೂಲ್‌ಗೆ ಇಬ್ಬರು ಸಿಕ್ಕಿದ್ದಾರೆ, ಗಣಿತಕ್ಕೆ ಇನ್ನೂ ಒಬ್ಬರು ಬೇಕು. ಇಲ್ಲಿ ಯಾರಾದರೂ ಗಣಿತ ಪಾಠ ಮಾಡುವವರು ಇದ್ದರೆ ಹೇಳಿ, ಟರ್ಮಿನಲ್ ಗೊತ್ತಿಲ್ಲದಿದ್ದರೂ ಪರವಾಗಿಲ್ಲ.